ಮಹಾಯುದ್ಧದ ಪಾಠವೋ, ನಾಮಾವಳಿಯೋ?

ಚಾಂಪಿಯನ್ ರೀಫ್ಸ್ ಗಣಿಯ ಚರಿತ್ರೆಯನ್ನು ಜಾನ್ ಟೇಲರ್ ಕಂಪನಿಯ ಹೆಸರಿನಲ್ಲಿಯೇ ಮುಗಿಸಿ, 3,000 ಮೀಟರಿಗೂ ಕೆಳಗಿಳಿದು ಬಂಡೆಯೊಡೆದವರನ್ನು ಮರೆತರೆ ಇಲ್ಲಿಯ ಮಕ್ಕಳು ಒಪ್ಪುವರೆ? ಒಪ್ಪಲಾರರು. ಹಾಗಿರಲು ಎರಡನೆಯ ಮಹಾಯುದ್ಧದ ಪಾಠವನ್ನು ಚರ್ಚಿಲ್, ರೂಸ್‌ವೆಲ್ಟ್, ಸ್ಟಾಲಿನ್ನರ ನಾಮಸ್ಮರಣೆಯಿಂದಲೇ ಮುಗಿಸುವುದು ಯಾವ ನ್ಯಾಯ?

ಆ ಮೂವರಲ್ಲಿ ರೂಸ್‌ವೆಲ್ಟರು 1945ರ ಏಪ್ರಿಲಿನಲ್ಲಿ ತೀರಿಕೊಂಡರು. ಚರ್ಚಿಲ್ಲರು ಜುಲೈಯಲ್ಲಿ ಚುನಾವಣೆಯಲ್ಲಿ ಸೋತು ಅಧಿಕಾರ ಬಿಟ್ಟರು. ಸೆಪ್ಟೆಂಬರ್ 2ರಂದು ಜಪಾನು ಶರಣಾಗತಿಪತ್ರಕ್ಕೆ ರುಜುಹಾಕಿದಾಗ ಪದವಿಯಲ್ಲಿ ಉಳಿದಿದ್ದವರು ಸ್ಟಾಲಿನ್ನರೊಬ್ಬರೇ.

ಯುದ್ಧದ ಭಾರವನ್ನು ಹೊತ್ತವರಾದರೋ ಬೇರೆ. ಸೈನ್ಯಕ್ಕೆ ಸೇರಿದ ಭಾರತೀಯರು ಸುಮಾರು 25 ಲಕ್ಷ. 1943ರ ಬಂಗಾಳದ ಕ್ಷಾಮದಲ್ಲಿ ಮಡಿದವರು ಸುಮಾರು 30 ಲಕ್ಷ. ಹಿರೋಷಿಮಾ, ನಾಗಸಾಕಿಗಳಲ್ಲಿ ಬೆಂದವರು ಯಾವ ನಿರ್ಧಾರವನ್ನೂ ಕೈಗೊಂಡವರಲ್ಲ.

ಉಪಾಧ್ಯಾಯ ಮಹಾಶಯರೇ, ನಾಯಕರ ಹೆಸರುಗಳು ಇರಲಿ. ಆದರೆ ಅವರ ನಿರ್ಧಾರಗಳ ಫಲವನ್ನುಂಡವರ ಲೆಕ್ಕವನ್ನೂ ಅದೇ ಕರಿಹಲಗೆಯ ಮೇಲೆ ಬರೆಯಿರಿ. ಅದಿಲ್ಲದ ಪಾಠವು ಚರಿತ್ರೆಯಲ್ಲ, ಬರಿಯ ಸ್ತೋತ್ರ.