ಗಂಟೆಯ ಲೆಕ್ಕದ ಸೇವೆ

ವಿದ್ಯಾರ್ಥಿಗಳ ಸೇವೆಯನ್ನು ಗಂಟೆಗಳಲ್ಲಿ ಅಳೆದು ಪ್ರಶಸ್ತಿಪತ್ರದಿಂದ ತೀರಿಸುವ ಪದ್ಧತಿಯನ್ನು ನಾವು ಒಪ್ಪಲಾರೆವು. 1969ರಲ್ಲಿ, ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷ, 37 ವಿಶ್ವವಿದ್ಯಾನಿಲಯಗಳಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯು ವರ್ಷಕ್ಕೆ 120 ಗಂಟೆಗಳ ದುಡಿಮೆಯನ್ನು ವಿಧಿಸುತ್ತದೆ. ಯೋಜನೆಯಲ್ಲಿ ದೋಷವಿಲ್ಲ, ದೋಷವಿರುವುದು ನಮ್ಮ ಆಚರಣೆಯಲ್ಲಿ. ಹೆಬ್ಬಾಳದ ಕೆರೆಯೇರಿಯ ಮೇಲೆ ಒಂದು ಮುಂಜಾನೆ ಪೊರಕೆ ಹಿಡಿದು ಭಾವಚಿತ್ರ ತೆಗೆಸಿಕೊಂಡ ತರುಣನು, ಕೊಳಚೆ ನೀರು ಆ ಕೆರೆಗೆ ಎತ್ತಣಿಂದ ಬರುತ್ತಿದೆಯೆಂದು ಕೇಳದೆಯೇ ಮನೆಗೆ ಮರಳಿದರೆ ಅದು ಸೇವೆಯೋ, ವಿಹಾರವೋ? (ಅವನ ವರದಿ ಮಾತ್ರ ಸೊಗಸಾದ ಇಂಗ್ಲಿಷಿನಲ್ಲಿರುತ್ತದೆ!)

1924ರ ಬೆಳಗಾವಿಯನ್ನು ನೆನೆಯಿರಿ. ಗಾಂಧೀಜಿಯವರು ಅಧ್ಯಕ್ಷರಾಗಿದ್ದ ಆ ಮಹಾಸಭೆಯಲ್ಲಿ ಸ್ವಯಂಸೇವಕರು ಪಾಯಿಖಾನೆಗಳನ್ನೂ ತಮ್ಮ ಕೈಯಿಂದಲೇ ಶುಚಿಗೊಳಿಸಿದರು. ಪ್ರಥಮ ಕರ್ನಾಟಕ ಏಕೀಕರಣ ಪರಿಷತ್ತು ಸೇರಿದುದೂ ಆ ಊರಿನಲ್ಲಿಯೇ, ಆ ವರ್ಷವೇ. ಅಂದು ಸೇವೆಯೂ ಏಕೀಕರಣವೂ ಬೇರೆ ಬೇರೆ ಕೆಲಸಗಳಾಗಿರಲಿಲ್ಲ.

1956ರಲ್ಲಿ ಸೀಮೆಗಳೇನೋ ಕೂಡಿದುವು. ಆದರೆ ಇಂದು ರಾಯಚೂರು, ಕಲಬುರಗಿಗಳ ಕಡೆಯಿಂದ ಗಂಟುಮೂಟೆಯೊಡನೆ ಯಶವಂತಪುರದ ನಿಲ್ದಾಣದಲ್ಲಿ ಇಳಿಯುವ ಕೂಲಿಕಾರನ ಮಗುವಿಗೆ ಬೆಂಗಳೂರಿನ ವಿದ್ಯಾರ್ಥಿಯು ಯಾರು? 2009ರ ಶಿಕ್ಷಣ ಹಕ್ಕಿನ ಕಾಯಿದೆಯಂತೆ, ವಯಸ್ಸಿನ ದಾಖಲೆಯಿಲ್ಲವೆಂದಾಗಲಿ ವರ್ಷದ ನಡುವೆ ಬಂದಿತೆಂದಾಗಲಿ ಯಾವ ಶಾಲೆಯೂ ಮಗುವನ್ನು ಹಿಂದಿರುಗಿಸಕೂಡದು. ತಂದೆತಾಯಿಗಳು ಇದನ್ನರಿಯರು, ಅರಿತರೂ ಕೂಲಿ ಬಿಟ್ಟು ಶಾಲೆಯ ಬಾಗಿಲಲ್ಲಿ ನಿಲ್ಲಲಾರರು. ಅವರೊಡನೆ ಹೋಗಿ ಅರ್ಜಿ ಬರೆದುಕೊಡುವುದು, ಸೇರಿದ ಮಗುವಿಗೆ ಸಂಜೆ ಅಕ್ಷರ ತಿದ್ದಿಸುವುದು, ಅದು ಶಾಲೆ ತಪ್ಪಿಸಿದ ದಿನ ಬಿಡಾರಕ್ಕೆ ಹೋಗಿ ವಿಚಾರಿಸುವುದು, ಇವಕ್ಕೆ ಭಾವಚಿತ್ರವೂ ಬೇಡ, ಹಣವೂ ಬೇಡ.

ಉಪಾಧ್ಯಾಯ ಮಹನೀಯರೇ, ಯಲಹಂಕದ ಸುತ್ತ ಏಳುತ್ತಿರುವ ಕಟ್ಟಡಗಳ ಬಳಿಯ ತಗಡಿನ ಬಿಡಾರಗಳಿಗೆ ನಿಮ್ಮ ವಿದ್ಯಾರ್ಥಿಗಳನ್ನು ಬರುವ ಭಾನುವಾರವೇ ಕರೆದೊಯ್ಯಿರಿ. ಶಾಲೆಗೆ ಹೋಗದ ಮಕ್ಕಳ ಹೆಸರುಗಳನ್ನು ಬರೆಯಿಸಿ ಸೋಮವಾರ ಮುಖ್ಯೋಪಾಧ್ಯಾಯರ ಮುಂದಿಡಿರಿ.