ರಿಪೋರ್ಟಿನಲ್ಲಿ ‘ಅನ್ಯೂರಿಸಂ’ ಎಂದಿದ್ದರೆ

ಕಿಡ್ನಿ ಕಲ್ಲಿಗೆಂದೋ ಪ್ರಾಸ್ಟೇಟ್ ತೊಂದರೆಗೆಂದೋ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿದವರ ರಿಪೋರ್ಟಿನಲ್ಲಿ ಕೆಲವೊಮ್ಮೆ ಯಾರೂ ಹುಡುಕದಿದ್ದ ಸಂಗತಿಯೊಂದು ಸಿಗುತ್ತದೆ: ಅಯೋರ್ಟಿಕ್ ಅನ್ಯೂರಿಸಂ, 3.8 ಸೆಂ.ಮೀ. ಮನೆಯವರು ಮೊಬೈಲ್ ತೆರೆದು ‘ಒಡೆದರೆ ಸಾವು’ ಎಂದು ಓದಿ ಗಾಬರಿಯಾಗುತ್ತಾರೆ. ಓದಿದ್ದು ಸುಳ್ಳಲ್ಲ. ಆದರೆ ಮೊದಲು ನೋಡಬೇಕಾದದ್ದು ಆ 3.8 ಎಂಬ ಅಂಕಿಯನ್ನು.

ಹೃದಯದಿಂದ ಹೊರಟು ಎದೆ, ಹೊಟ್ಟೆಗಳ ಹಿಂಬದಿಯಲ್ಲಿ ಇಳಿಯುವ ದೊಡ್ಡ ರಕ್ತನಾಳ ಮಹಾಪಧಮನಿ (ಅಯೋರ್ಟಾ). ಹೊಟ್ಟೆಯ ಭಾಗದಲ್ಲಿ ಅದರ ಅಗಲ ಸುಮಾರು 2 ಸೆಂ.ಮೀ. ಅದರ ಗೋಡೆ ಸವೆದು ಸಡಿಲವಾದರೆ ಆ ಜಾಗ ಹಳೆಯ ಸೈಕಲ್ ಟ್ಯೂಬಿನಂತೆ ಉಬ್ಬುತ್ತದೆ. 3 ಸೆಂ.ಮೀ. ಮುಟ್ಟಿದರೆ ಅನ್ಯೂರಿಸಂ. ಉಬ್ಬಿದಷ್ಟೂ ಗೋಡೆಯ ಮೇಲೆ ಎಳೆತ ಹೆಚ್ಚು. ಎಳೆತ ಹೆಚ್ಚಿದಷ್ಟೂ ಮತ್ತೆ ಉಬ್ಬು. ಗಂಡಸರಲ್ಲಿ 5.5, ಹೆಂಗಸರಲ್ಲಿ 5 ಸೆಂ.ಮೀ. ತಲುಪುವವರೆಗೆ, ನೋವಾಗಲಿ ವೇಗದ ಬೆಳವಣಿಗೆಯಾಗಲಿ ಇಲ್ಲದಿದ್ದರೆ, ಸಾಮಾನ್ಯವಾಗಿ ಆಪರೇಷನ್ ಮಾಡುವುದಿಲ್ಲ. ‘ಡಾಕ್ಟರು ಸುಮ್ಮನೆ ಕಳಿಸಿಬಿಟ್ಟರು’ ಎಂದು ಗೊಣಗಬೇಡಿ. ಹೇಳಿದ ಅವಧಿಗೆ ಮತ್ತೆ ಸ್ಕ್ಯಾನ್ ಮಾಡಿಸುವುದೂ ಚಿಕಿತ್ಸೆಯೇ.

ಆ ನಡುವೆ ರೋಗಿಯ ಕೈಯಲ್ಲಿರುವ ದೊಡ್ಡ ಕೆಲಸ ಬೀಡಿ, ಸಿಗರೇಟು ಬಿಡುವುದು. ಈ ಉಬ್ಬು ಹುಟ್ಟುವುದಕ್ಕೂ ಬೆಳೆಯುವುದಕ್ಕೂ ಹೊಗೆಯಷ್ಟು ನೆರವಾಗುವ ಚಟ ಇನ್ನೊಂದಿಲ್ಲ. ಬಿ.ಪಿ. ಹತೋಟಿಯಲ್ಲಿರಬೇಕು. ಉಬ್ಬನ್ನು ಕರಗಿಸುವ ಮಾತ್ರೆ, ಕಷಾಯ ಎರಡೂ ಇಲ್ಲ. ಇದೆ ಎಂದವರನ್ನು ನಂಬಬೇಡಿ.

ಆಲ್ಬರ್ಟ್ ಐನ್‌ಸ್ಟೈನ್ ಅವರಿಗೂ ಇದೇ ಕಾಯಿಲೆಯಿತ್ತು. 1948ರಲ್ಲಿ ಸರ್ಜನ್ ರುಡಾಲ್ಫ್ ನಿಸೆನ್, ಐನ್‌ಸ್ಟೈನ್ ಅವರ ಉಬ್ಬಿದ ನಾಳಕ್ಕೆ ಸೆಲೋಫೇನ್ ಹಾಳೆ ಸುತ್ತಿದ್ದರು! 1955ರ ಏಪ್ರಿಲ್‌ನಲ್ಲಿ ಅದು ಒಡೆದಾಗ ಐನ್‌ಸ್ಟೈನ್ ಮತ್ತೆ ಆಪರೇಷನ್ ಬೇಡವೆಂದರು, 76ನೇ ವಯಸ್ಸಿನಲ್ಲಿ ತೀರಿಕೊಂಡರು. ಇಂದು ಹೊಟ್ಟೆ ತೆರೆದು ಕೃತಕ ನಾಳ ಹೊಲಿಯಬಹುದು. ನಾಳದ ಆಕಾರ ಒಗ್ಗಿದರೆ ತೊಡೆಸಂದಿನ ರಕ್ತನಾಳದ ಮೂಲಕ ಸ್ಟೆಂಟ್ ಗ್ರಾಫ್ಟ್ ತೂರಿಸಿ ಒಳಗಿನಿಂದಲೇ ಅಸ್ತರಿ ಕೊಡಬಹುದು. ಎರಡನೆಯದರಲ್ಲಿ ಚೇತರಿಕೆ ಬೇಗ, ಆದರೆ ವರ್ಷವರ್ಷದ ತಪಾಸಣೆ ತಪ್ಪದು.

ಒಡೆಯುವವರೆಗೂ ಬಹುತೇಕರಿಗೆ ಏನೂ ಗೊತ್ತಾಗುವುದಿಲ್ಲ. ಒಡೆದವರಲ್ಲಿ ಅನೇಕರು ಆಸ್ಪತ್ರೆ ಮುಟ್ಟುವುದೇ ಇಲ್ಲ. ಆದ್ದರಿಂದ 65 ದಾಟಿದ, ಒಂದು ಕಾಲಕ್ಕಾದರೂ ಧೂಮಪಾನ ಮಾಡಿದ ಗಂಡಸರು, ಹೆತ್ತವರಿಗೋ ಒಡಹುಟ್ಟಿದವರಿಗೋ ಈ ಕಾಯಿಲೆ ಇದ್ದವರು ಒಮ್ಮೆ ಹೊಟ್ಟೆಯ ಅಲ್ಟ್ರಾಸೌಂಡ್ ಬಗ್ಗೆ ವೈದ್ಯರನ್ನು ಕೇಳಿ. ಅನ್ಯೂರಿಸಂ ಇರುವವರಿಗೆ ಹೊಟ್ಟೆಯಲ್ಲೋ ಬೆನ್ನಲ್ಲೋ ದಿಢೀರನೆ ತೀವ್ರ ನೋವು ಬಂದರೆ, ತಲೆಸುತ್ತಿ ಬೆವರಿದರೆ, ಗ್ಯಾಸ್ಟ್ರಿಕ್ ಎಂದು ಮಾತ್ರೆ ನುಂಗಿಸಿ ಕಾಯಬೇಡಿ. 108ಕ್ಕೆ ಕರೆ ಮಾಡಿ, ಹಳೆಯ ಸ್ಕ್ಯಾನ್ ರಿಪೋರ್ಟನ್ನು ಜೊತೆಗೆ ಒಯ್ಯಿರಿ.