ಅರ್ಧ ದಂಡಕ್ಕಿಂತ ಪ್ರಶ್ನಿಸುವ ದಾರಿ ಬೇಕು

ಸಂಚಾರ ದಂಡಕ್ಕೆ ಶೇ 50ರಷ್ಟು ರಿಯಾಯಿತಿ ಎಂದರೆ ಸಾಕು, ಜನ ಮುಗಿಬೀಳುತ್ತಾರೆ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಕೆಲವೇ ದಿನಗಳಲ್ಲಿ 100 ಕೋಟಿ ರೂಪಾಯಿಗೂ ಹೆಚ್ಚು ದಂಡ ಸಂಗ್ರಹವಾಯಿತು. 2025ರ ಆಗಸ್ಟ್‌ನಲ್ಲಿ ಮತ್ತೆ ಅದೇ ರಿಯಾಯಿತಿ ಬಂತು. ತಪ್ಪು ಮಾಡಿದವರು ಕಟ್ಟಲಿ, ಬೇಡವೆನ್ನುವುದಿಲ್ಲ. ಆದರೆ ತಪ್ಪೇ ಮಾಡದವರೂ ‘ಅರ್ಧ ತಾನೆ, ಕಟ್ಟಿ ಕೈತೊಳೆದುಕೊಳ್ಳೋಣ’ ಎನ್ನುವುದು ನನಗೆ ಸರಿ ಕಾಣುತ್ತಿಲ್ಲ.

ನನ್ನ ಸಹಪಾಠಿಯ ಬೈಕಿಗೆ ನೋ ಪಾರ್ಕಿಂಗ್ ನೋಟಿಸ್ ಬಂತು. ಫೋಟೊದಲ್ಲಿ ನಂಬರ್ ಪ್ಲೇಟ್ ಬಿಟ್ಟರೆ ರಸ್ತೆಯೂ ಇಲ್ಲ, ಫಲಕವೂ ಇಲ್ಲ. ಇಬ್ಬರೂ ಹೋಗಿ ಆ ರಸ್ತೆಯುದ್ದಕ್ಕೂ ಹುಡುಕಿದೆವು. ಹೊಂಗೆ ಮರದ ಕೊಂಬೆಗಳ ಹಿಂದೆ ಒಂದೇ ಒಂದು ಫಲಕ ಅಡಗಿತ್ತು. ಠಾಣೆಯಲ್ಲಿ ವಿಚಾರಿಸಿದರೆ, ‘ಬೇಕಿದ್ದರೆ ಕೋರ್ಟಿಗೆ ಹೋಗಿ’ ಎಂಬ ಉತ್ತರ.

ಕಾನೂನು ಹೇಳುವುದೂ ಅದನ್ನೇ. ಮೋಟಾರು ವಾಹನ ಕಾಯ್ದೆಯ 200ನೇ ಸೆಕ್ಷನ್ ಪ್ರಕಾರ ನಾವು ಸ್ಥಳದಲ್ಲೋ ಆನ್‌ಲೈನಿನಲ್ಲೋ ಕಟ್ಟುವ ಹಣ ಒಂದು ರೀತಿಯ ರಾಜಿ. ಒಪ್ಪದಿದ್ದರೆ ತಪ್ಪಾಗಿದೆಯೇ ಇಲ್ಲವೇ ಎಂದು ತೀರ್ಮಾನಿಸುವುದು ನ್ಯಾಯಾಲಯ. ಹಕ್ಕು ಇದೆ, ಆದರೆ ಕೆಲವು ನೂರು ರೂಪಾಯಿ ಉಳಿಸಲು ಕ್ಲಾಸು, ಇಂಟರ್ನಲ್ಸ್ ಬಿಟ್ಟು ಕೋರ್ಟಿಗೆ ಅಲೆಯುವವರು ಯಾರು? ದಿನಗೂಲಿಯವರ ಪಾಡಂತೂ ಹೇಳುವುದೇ ಬೇಡ. ಹೀಗಾಗಿ ಹಕ್ಕು ಕಾಗದದಲ್ಲೇ ಉಳಿಯುತ್ತದೆ.

ಇಂಗ್ಲೆಂಡಿನಲ್ಲಿ ಸ್ಥಳೀಯ ಕೌನ್ಸಿಲ್ ಹಾಕಿದ ಪಾರ್ಕಿಂಗ್ ದಂಡವನ್ನು ಮೊದಲು ಕೌನ್ಸಿಲ್‌ನಲ್ಲೇ ಪ್ರಶ್ನಿಸಬಹುದು. ಅದು ಒಪ್ಪದಿದ್ದರೆ ಸ್ವತಂತ್ರ ನ್ಯಾಯಮಂಡಳಿಗೆ ಮೇಲ್ಮನವಿ ಸಲ್ಲಿಸಬಹುದು, ಅದಕ್ಕೆ ಶುಲ್ಕವಿಲ್ಲ. ದಂಡ ಹಾಕಿದವರೇ ಕೊನೆಯ ಮಾತು ಹೇಳುವುದಿಲ್ಲ ಎಂಬುದೇ ಅಲ್ಲಿನ ತಿರುಳು. ನಮ್ಮಲ್ಲೂ ಫೋಟೊ, ದೂರು, ಕಾರಣಸಹಿತ ಉತ್ತರ ಎಲ್ಲವೂ ಮೊಬೈಲಿನಲ್ಲೇ ಮುಗಿಯುವ ವ್ಯವಸ್ಥೆ ಕಷ್ಟವೇನಲ್ಲ. ದಂಡ ಕಟ್ಟಿಸಿಕೊಳ್ಳುವ ತಂತ್ರಜ್ಞಾನ ಇರುವಾಗ, ಆಕ್ಷೇಪ ಕೇಳುವುದಕ್ಕೂ ಅದನ್ನು ಬಳಸಬಹುದಲ್ಲವೇ?

ಅಲ್ಲಿಯವರೆಗೆ ನಾವೂ ಸುಮ್ಮನಿರಬೇಕಿಲ್ಲ. ನೋಟಿಸ್ ಬಂದರೆ ಮೊದಲು ಫೋಟೊ, ಸ್ಥಳ, ಸಮಯ ನೋಡಿ. ಕ್ಯಾಮೆರಾ ಆಧರಿಸಿದ ನೋಟಿಸನ್ನು ಘಟನೆ ನಡೆದ 15 ದಿನಗಳೊಳಗೆ ಕಳುಹಿಸಬೇಕು ಎಂದು ಕೇಂದ್ರ ಮೋಟಾರು ವಾಹನ ನಿಯಮ 167ಎ ಹೇಳುತ್ತದೆ. ಫಲಕ ಇಲ್ಲದಿದ್ದರೆ, ಇದ್ದೂ ಕಾಣದಿದ್ದರೆ ಅಂದೇ ಫೋಟೊ ತೆಗೆದಿಟ್ಟುಕೊಳ್ಳಿ. ಆಕ್ಷೇಪವನ್ನು ಬರವಣಿಗೆಯಲ್ಲೇ ಕೊಡಿ.

ಫುಟ್‌ಪಾತ್ ಮೇಲೆ ಬೈಕ್ ನಿಲ್ಲಿಸುವವರ ಪರ ವಕಾಲತ್ತು ಇದಲ್ಲ. ದಂಡ ನ್ಯಾಯವಾಗಿದೆ ಎಂದು ಜನರಿಗೆ ಅನ್ನಿಸಿದರಷ್ಟೇ ನಿಯಮಕ್ಕೆ ಬೆಲೆ. ಇಲ್ಲದಿದ್ದರೆ ಎಲ್ಲರೂ ಕಾಯುವುದು ಮುಂದಿನ ರಿಯಾಯಿತಿಗೆ ಮಾತ್ರ.